ಎಂಟು ಹುಣಸೆ ಬೀಜದಲ್ಲಿ ಕಂಪ್ಯೂಟರ್ ಲೆಕ್ಕ



ಚೌಕಾಬಾರ ಆಡದವರು ನಮ್ಮೂರಲ್ಲಿ ಯಾರಿದ್ದಾರೆ? ಕವಡೆ ಸಿಗದಿದ್ದರೆ ನಾವು ಹುಣಸೆ ಬೀಜವನ್ನು ಒಂದು ಕಡೆ ಕಲ್ಲಿಗೆ ತೇದು ಬಿಳಿ ಮಾಡ್ತೀವಿ. ಇನ್ನೊಂದು ಕಡೆ ಕಪ್ಪಗೇ ಇರುತ್ತೆ. ಎಸೆದರೆ ಬೀಜ ಒಂದೋ ಬಿಳಿ ಬೀಳುತ್ತೆ, ಇಲ್ಲಾ ಕಪ್ಪು ಬೀಳುತ್ತೆ. ಮೂರನೇದು ಇಲ್ಲ. ಕಂಪ್ಯೂಟರಿನ ಒಳಗಿರುವ ಅತಿ ಚಿಕ್ಕ ಲೆಕ್ಕವೂ ಇಷ್ಟೇ. ಅದಕ್ಕೆ ‘ಬಿಟ್’ ಎಂದು ಹೆಸರು. ಬಿಳಿ ಅಂದರೆ 1, ಕಪ್ಪು ಅಂದರೆ 0.

ಕಂಪ್ಯೂಟರ್ ಕಲಿಯೋಕೆ ಮೊದಲು ಕಂಪ್ಯೂಟರ್ ಬೇಕು, ಆಮೇಲೆ ಇಂಗ್ಲಿಷ್ ಬೇಕು ಅಂತ ಎಲ್ಲರೂ ಹೇಳ್ತಾರೆ. ಇರೋದು ಒಂದು ಕಂಪ್ಯೂಟರ್, ನಾವು 32 ಜನ. ನಮ್ಮ ದೊಡ್ಡಪ್ಪನ ಮಗ ಡಿಪ್ಲೊಮಾ ಓದ್ತಾನೆ. “ಕಂಪ್ಯೂಟರ್ ಇಲ್ದೆ ಪ್ರೋಗ್ರಾಮಿಂಗ್ ಹೆಂಗಣ್ಣ ಕಲಿಯೋದು?” ಅಂತ ಕೇಳಿದೆ. “ಎಂಟು ಹುಣಸೆ ಬೀಜ ತಗೊಂಡ್ ಬಾ ಹೋಗು” ಅಂದ. ಅವನು ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆದಿದ್ದೇನೆ. ನೀವೂ ಎಂಟು ಬೀಜ ತೇದು ಇಟ್ಟುಕೊಂಡು ಓದಿ. ಕರೆಂಟ್ ಹೋದರೂ ಈ ಪಾಠ ನಿಲ್ಲೋದಿಲ್ಲ.

ಬೀಜಕ್ಕೆ ಬೆಲೆ

ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಟ್ರಾನ್ಸಿಸ್ಟರ್ ಎಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಸ್ವಿಚ್ಚುಗಳು ಇರುತ್ತವೆ. ಈಗಿನ ಒಂದು ಮೊಬೈಲಿನ ಚಿಪ್ಪಿನಲ್ಲಿ ಅವು ನೂರಾರು ಕೋಟಿ ಇರುತ್ತವೆ. ಸ್ವಿಚ್ಚಿಗೆ ಗೊತ್ತಿರೋದು ಎರಡೇ ಸ್ಥಿತಿ: ಆನ್, ಆಫ್. ಹತ್ತು ಬಗೆಯ ಕರೆಂಟನ್ನು ಗುರುತು ಹಿಡಿಯೋದು ಕಷ್ಟ. ಇದೆಯೋ ಇಲ್ಲವೋ ಅಂತ ಹೇಳೋದು ಸುಲಭ. ಅದಕ್ಕೇ ಕಂಪ್ಯೂಟರ್ ಎಲ್ಲವನ್ನೂ 0 ಮತ್ತು 1ರಲ್ಲೇ ಬರೆದಿಡುತ್ತದೆ.

ನಮ್ಮ ಲೆಕ್ಕದಲ್ಲಿ ಬಿಡಿ, ಹತ್ತು, ನೂರು ಅಂತ ಎಡಕ್ಕೆ ಹೋದಂತೆ ಬೆಲೆ ಹತ್ತು ಪಟ್ಟು ಏರುತ್ತದೆ. ಬೀಜದ ಲೆಕ್ಕದಲ್ಲಿ ಎರಡೇ ಪಟ್ಟು ಏರುತ್ತದೆ. ಎಂಟು ಬೀಜವನ್ನು ಸಾಲಾಗಿ ಇಟ್ಟು ಸೀಮೆಸುಣ್ಣದಲ್ಲಿ ಕೆಳಗೆ ಹೀಗೆ ಬರೆಯಿರಿ:

128   64   32   16   8   4   2   1

ಈಗ 13 ಮಾಡೋಣ. ಎಡಗಡೆಯಿಂದ ನೋಡಿ. 128, 64, 32, 16 ಯಾವುದೂ 13ರಲ್ಲಿ ಹಿಡಿಯಲ್ಲ, ಅವೆಲ್ಲ ಕಪ್ಪು. 8 ಹಿಡಿಯುತ್ತೆ, ಬಿಳಿ. ಉಳಿದದ್ದು 5. 4 ಹಿಡಿಯುತ್ತೆ, ಬಿಳಿ. ಉಳಿದದ್ದು 1. 2 ಹಿಡಿಯಲ್ಲ, ಕಪ್ಪು. ಕೊನೆಯ 1 ಬಿಳಿ. ಆಗ 13 ಎಂದರೆ 00001101. ಎಲ್ಲಾ ಕಪ್ಪಾದರೆ 0, ಎಲ್ಲಾ ಬಿಳಿಯಾದರೆ 255. ಒಟ್ಟು 256 ಬಗೆಯಲ್ಲಿ ಜೋಡಿಸಬಹುದು. ಹೀಗೆ ಎಂಟು ಬಿಟ್ ಸೇರಿದರೆ ಒಂದು ‘ಬೈಟ್’.

ಒಂದು ವಿಷಯ ನೆನಪಿಡಿ. ಚೌಕಾಬಾರದಲ್ಲಿ ಎಷ್ಟು ಬಿಳಿ ಬಿತ್ತು ಅಂತ ಮಾತ್ರ ಎಣಿಸ್ತೀವಿ. ಇಲ್ಲಿ ಯಾವ ಜಾಗದ ಬೀಜ ಬಿಳಿ ಅನ್ನೋದು ಮುಖ್ಯ. 00000111 ಎಂದರೆ 7. ಅದೇ ಮೂರು ಬಿಳಿ ಎಡಕ್ಕೆ ಹೋಗಿ 11100000 ಆದರೆ 224.

ನಿಮಗೆ ಗೊತ್ತೇ? ಹೈಸ್ಕೂಲಿನ ವ್ಯಾಕರಣದಲ್ಲಿ ಲಘು, ಗುರು ಅಂತ ಬರುತ್ತೆ. ಮೂರು ಅಕ್ಷರಕ್ಕೆ ಒಂದು ಗಣ. ಯಗಣ, ಮಗಣ, ತಗಣ ಹೀಗೆ ಅಕ್ಷರಗಣಗಳು ಸರಿಯಾಗಿ ಎಂಟೇ. ಒಂಬತ್ತು ಯಾಕಿಲ್ಲ? ಪ್ರತಿ ಅಕ್ಷರ ಲಘು ಅಥವಾ ಗುರು, ಎರಡೇ ಬಗೆ. 2×2×2 = 8. ಮೂರು ಹುಣಸೆ ಬೀಜದ ಲೆಕ್ಕವೇ ಇದು! ಲಘು ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಪಟ್ಟಿ ಮಾಡುವ ಕ್ರಮವನ್ನು ಪಿಂಗಳ ಎಂಬ ಪಂಡಿತನು ಬಹಳ ಹಿಂದೆಯೇ ತನ್ನ ಛಂದಶ್ಶಾಸ್ತ್ರದಲ್ಲಿ ಹೇಳಿದ್ದಾನೆ.

ಮೂರು ನಿಯಮ

ಎರಡು ಸಾಲು ಬೀಜಗಳನ್ನು ಒಂದರ ಕೆಳಗೊಂದು ಇಟ್ಟು, ಕೆಳಗೆ ಮೂರನೇ ಸಾಲು ಮಾಡೋದೇ ಬಿಟ್ ಕೆಲಸ. ಅದಕ್ಕೆ ಮೂರು ನಿಯಮ ಕಲಿತರೆ ಸಾಕು.

ಮೊದಲನೆಯದು ‘ಆಂಡ್’. ಮೇಲಿನ ಎರಡೂ ಬೀಜ ಬಿಳಿಯಾಗಿದ್ದರೆ ಮಾತ್ರ ಉತ್ತರ ಬಿಳಿ. ಅಂಗಡಿಗೆ ಹೋಗೋಕೆ ದುಡ್ಡೂ ಬೇಕು, ಚೀಲವೂ ಬೇಕು ಅಂದಹಾಗೆ. ಇದರ ಚಿಹ್ನೆ &.

ಎರಡನೆಯದು ‘ಆರ್’. ಎರಡರಲ್ಲಿ ಒಂದಾದರೂ ಬಿಳಿ ಇದ್ದರೆ ಉತ್ತರ ಬಿಳಿ. ಪೇಟೆಗೆ ಹೋಗೋಕೆ ಬಸ್ಸಾದರೂ ಸರಿ, ಟೆಂಪೋ ಆದರೂ ಸರಿ, ಎರಡೂ ಬಂದರೂ ಸರಿ. ಚಿಹ್ನೆ |.

ಮೂರನೆಯದು ‘ಎಕ್ಸಾರ್’. ಎರಡರಲ್ಲಿ ಒಂದೇ ಒಂದು ಬಿಳಿ ಇದ್ದರೆ ಮಾತ್ರ ಉತ್ತರ ಬಿಳಿ. ಇದು ಹಳೆ ಹಗ್ಗದ ಉಯ್ಯಾಲೆ ಇದ್ದಹಾಗೆ. ಯಾರೂ ಕೂರದಿದ್ದರೆ ತೂಗಲ್ಲ, ಇಬ್ಬರೂ ಕೂತರೆ ಹಗ್ಗ ಹರಿಯುತ್ತೆ, ಒಬ್ಬರು ಕೂತರೆ ಮಾತ್ರ ಆಟ. ಚಿಹ್ನೆ ^.

ಇವುಗಳ ಜೊತೆ ‘ನಾಟ್’ ಅಂತ ಇನ್ನೊಂದಿದೆ. ಅದಕ್ಕೆ ಒಂದೇ ಸಾಲು ಸಾಕು. ಎಲ್ಲಾ ಬೀಜವನ್ನೂ ಮಗುಚಿ ಹಾಕೋದು. ಸಿ ಭಾಷೆಯಲ್ಲೂ ಪೈಥಾನ್ ಭಾಷೆಯಲ್ಲೂ &, |, ^ ಎಂಬ ಚಿಹ್ನೆಗಳು ಇವೇ. ಕಲಿಯಬೇಕಾದ ಇಂಗ್ಲಿಷ್ ಇಷ್ಟೇ, ನಾಲ್ಕು ಪದ!

ಒಂದೇ ಸಂಖ್ಯೆಯಲ್ಲಿ ಎಂಟು ಕೆಲಸ

ಬೆಳಿಗ್ಗೆ ಶಾಲೆಯಲ್ಲಿ ಎಂಟು ಕೆಲಸ ಇರುತ್ತೆ ಅಂತ ಇಟ್ಟುಕೊಳ್ಳಿ. ಒಂದೊಂದಕ್ಕೆ ಒಂದೊಂದು ಬೀಜ. ಕೆಲಸ ಮುಗಿದರೆ ಬೀಜ ಬಿಳಿ.

1 – ಗಂಟೆ ಹೊಡೆಯೋದು
2 – ಕಸ ಗುಡಿಸೋದು
4 – ಬೋರ್ಡ್ ಒರೆಸೋದು
8 – ಗಿಡಕ್ಕೆ ನೀರು ಹಾಕೋದು
16 – ಕುಡಿಯೋ ನೀರು ತುಂಬಿಡೋದು
32 – ಪ್ರಾರ್ಥನೆ
64 – ದಿನಪತ್ರಿಕೆ ಓದೋದು
128 – ಬಿಸಿಯೂಟದ ತಟ್ಟೆ ಎಣಿಸೋದು

ಮೇಷ್ಟ್ರು ಬೋರ್ಡಿನ ಮೂಲೆಯಲ್ಲಿ 45 ಅಂತ ಬರೆದರು. 45 = 32+8+4+1. ಅಂದರೆ ಪ್ರಾರ್ಥನೆ, ಗಿಡದ ನೀರು, ಬೋರ್ಡ್, ಗಂಟೆ ಆಗಿದೆ. ಎಂಟು ಸಾಲಿನ ಪಟ್ಟಿ ಎರಡು ಅಂಕೆಯಲ್ಲಿ ಮುಗಿಯಿತು.

ಈಗ ‘ಗಿಡಕ್ಕೆ ನೀರು ಹಾಕಿದ್ದಾರಾ?’ ಅಂತ ಕೇಳಬೇಕು. ಬೇರೆ ಬೀಜಗಳ ಮೇಲೆ ರಟ್ಟು ಮುಚ್ಚಿ, 8ರ ಜಾಗದಲ್ಲಿ ಮಾತ್ರ ತೂತು ಮಾಡಿ ನೋಡಿದರೆ ಸಾಕಲ್ಲವೇ? ಆ ತೂತಿನ ರಟ್ಟನ್ನು ಪ್ರೋಗ್ರಾಮಿಂಗಿನಲ್ಲಿ ‘ಮಾಸ್ಕ್’ ಅಂತಾರೆ. ಆಂಡ್ ನಿಯಮ ರಟ್ಟಿನ ಕೆಲಸವನ್ನು ಮಾಡುತ್ತದೆ:

00101101   (45)
00001000   (8)
00001000   ಉತ್ತರ 8

ಉತ್ತರ 0 ಅಲ್ಲ, ಅಂದರೆ ನೀರು ಹಾಕಿದೆ. 45 & 16 ಮಾಡಿ ನೋಡಿ, 0 ಬರುತ್ತೆ. ಕುಡಿಯೋ ನೀರು ತುಂಬಿಲ್ಲ.

ಯಾರೋ ಹೋಗಿ ನೀರು ತುಂಬಿದರು. ಆಗ 16ರ ಬೀಜ ಬಿಳಿ ಆಗಬೇಕು. 45 | 16 = 61. ‘ಕೂಡಿಸಿದರೂ 61 ಬರುತ್ತಲ್ಲ, ಆರ್ ಯಾಕೆ?’ ಅಂತ ನೀವು ಕೇಳಬಹುದು. ನಾನೂ ಅಣ್ಣನ್ನ ಇದನ್ನೇ ಕೇಳಿದ್ದೆ. ಇಬ್ಬರು ಬಂದು ‘ನೀರು ತುಂಬಿದೆ’ ಅಂತ ಎರಡು ಸಲ ಹೇಳಿದರು ಅನ್ನಿ. ಕೂಡಿಸಿದರೆ 61+16 = 77 ಆಗುತ್ತೆ. 77 ಅಂದರೆ 64+8+4+1. ನೀರಿನ ಬೀಜ ಕಪ್ಪಾಯಿತು, ಪ್ರಾರ್ಥನೆ ಬೀಜ ಕಪ್ಪಾಯಿತು, ಓದದೇ ಇರುವ ಪತ್ರಿಕೆ ಓದಿದಹಾಗೆ ಆಯಿತು! ಯಾಕೆಂದರೆ ಕೂಡಿಸುವಾಗ ದಶಕ ಪಕ್ಕದ ಮನೆಗೆ ಹೋಗುತ್ತದೆ. ಆರ್‌ನಲ್ಲಿ ದಶಕ ಇಲ್ಲ. 61 | 16 ಮಾಡಿದರೆ 61 ಆಗಿಯೇ ಇರುತ್ತದೆ. ಹತ್ತು ಸಲ ಮಾಡಿದರೂ ಅಷ್ಟೇ.

ಬಿಟ್ ಕೆಲಸದ ಗುಟ್ಟೇ ಇದು. ನಮಗೆ ಬೇಕಾದ ಬೀಜವನ್ನು ಮಾತ್ರ ಮುಟ್ಟಬೇಕು, ಪಕ್ಕದ್ದು ಅಲುಗಬಾರದು.

ಬೋರ್ಡ್ ಮತ್ತೆ ಗಲೀಜಾದರೆ 4ರ ಬೀಜ ಕಪ್ಪಾಗಬೇಕು. 4ಕ್ಕೆ ನಾಟ್ ಮಾಡಿದರೆ 11111011, ಅಂದರೆ 251. ಆಮೇಲೆ 61 & 251 = 57. ಒಂದು ಕಪ್ಪಾಯಿತು, ಉಳಿದ ಏಳು ಹಾಗೇ ಉಳಿದವು.

ಹಾಜರಿ ಪುಸ್ತಕ

ಒಬ್ಬೊಬ್ಬರಿಗೆ ಒಂದು ಬೀಜದಂತೆ 32 ಬೀಜ ಇಟ್ಟರೆ ನಮ್ಮ ತರಗತಿಯ ಇಡೀ ಹಾಜರಿ ಒಂದೇ ಸಂಖ್ಯೆ ಆಗುತ್ತೆ. ಇಲ್ಲಿ ಜಾಗ ಸಾಲದೆ ಎಂಟು ಜನರದ್ದು ಮಾತ್ರ ತೋರಿಸಿದ್ದೇನೆ. ಒಂದನೇ ನಂಬರು ಬಲತುದಿಯಲ್ಲಿ.

ನಿನ್ನೆ 10110111
ಇವತ್ತು 11110101

ಆಂಡ್ ಮಾಡಿದರೆ 10110101. ಇವರು ಎರಡೂ ದಿನ ಬಂದವರು. ಎಕ್ಸಾರ್ ಮಾಡಿದರೆ 01000010. ಇವರು ಒಂದೇ ದಿನ ಬಂದವರು: 2ನೇ ನಂಬರು ನಿನ್ನೆ ಬಂದು ಇವತ್ತು ಬಂದಿಲ್ಲ, 7ನೇ ನಂಬರು ಇವತ್ತು ಮಾತ್ರ ಬಂದಿದೆ. ಆರ್ ಮಾಡಿದರೆ 11110111. ಅದನ್ನು ನಾಟ್ ಮಾಡಿದರೆ 00001000. ನಾಲ್ಕನೇ ನಂಬರು ಎರಡು ದಿನದಿಂದಲೂ ಇಲ್ಲ! ಜ್ವರವೋ, ಹೊಲದ ಕೆಲಸವೋ, ಯಾರಾದರೂ ಮನೆಗೆ ಹೋಗಿ ಕೇಳಿ ಬರಬೇಕು. ಹೋಗಬೇಕಾದ್ದು ನಾವು. ಆದರೆ ಯಾರ ಮನೆಗೆ ಹೋಗಬೇಕು ಅಂತ ಎರಡೇ ಹೆಜ್ಜೆಯಲ್ಲಿ ಗೊತ್ತಾಯಿತು. ಕಂಪ್ಯೂಟರ್ 32 ಜನರದ್ದನ್ನೂ ಒಂದೇ ಏಟಿಗೆ ಹೀಗೆ ನೋಡುತ್ತದೆ. ಒಬ್ಬೊಬ್ಬರ ಹೆಸರು ಕೂಗುತ್ತಾ ಕೂರೋದಿಲ್ಲ.

ಎಕ್ಸಾರ್ ಮಾಡುವ ತಮಾಷೆ

ಎಕ್ಸಾರ್ ಎಂದರೆ ಬೀಜ ಮಗುಚೋದು. ಎರಡು ಸಲ ಮಗುಚಿದರೆ ಮೊದಲಿನ ಹಾಗೇ ಆಗುತ್ತೆ. ಇದರಿಂದ ಗುಟ್ಟು ಕಳಿಸಬಹುದು. ನನ್ನ ಸಂಖ್ಯೆ 45, ಗೆಳತಿಗೂ ನನಗೂ ಮಾತ್ರ ಗೊತ್ತಿರುವ ಕೀಲಿ 27. 45 ^ 27 = 54. ಚೀಟಿಯಲ್ಲಿ 54 ಅಂತ ಬರೆದು ಕಳಿಸಿದೆ. ಅವಳು 54 ^ 27 ಮಾಡಿದರೆ ಮತ್ತೆ 45! ಆದರೆ ಎಂಟು ಬೀಜದ ಕೀಲಿ ಗಟ್ಟಿ ಬೀಗ ಅಲ್ಲ. ಇರೋದೇ 256 ಕೀಲಿ. ಒಂದೊಂದಾಗಿ ಹಾಕಿ ನೋಡಿದರೆ ತೆರೆಯುತ್ತದೆ.

ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ನಂಬರು ಇದೆ. ಇಂಗ್ಲಿಷಿನ ದೊಡ್ಡ ‘ಎ’ 65, ಚಿಕ್ಕ ‘ಎ’ 97. ಬೀಜದಲ್ಲಿ ಬರೆದರೆ 01000001 ಮತ್ತು 01100001. ವ್ಯತ್ಯಾಸ 32ರ ಒಂದೇ ಒಂದು ಬೀಜ! ಇಪ್ಪತ್ತಾರು ಅಕ್ಷರಕ್ಕೂ ಹೀಗೇ. 32ರ ಜೊತೆ ಎಕ್ಸಾರ್ ಮಾಡಿದರೆ ದೊಡ್ಡದು ಚಿಕ್ಕದಾಗುತ್ತೆ, ಚಿಕ್ಕದು ದೊಡ್ಡದಾಗುತ್ತೆ.

ಇನ್ನೊಂದು ಕೇಳಿ. ಯೂನಿಕೋಡ್ ಎಂಬ ಪಟ್ಟಿಯಲ್ಲಿ ಕನ್ನಡದ ‘ಕ’ 3221. ತೆಲುಗಿನ ‘ಕ’ 3093. ಕಳೆದು ನೋಡಿ, 128. ಬೀಜದಲ್ಲಿ ಬರೆಯೋಣ (12 ಬೀಜ ಬೇಕು):

ಕನ್ನಡ ಕ   110010010101
ತೆಲುಗು ಕ  110000010101

ಇಲ್ಲೂ ಒಂದೇ ಬೀಜ ಬೇರೆ! ಭಾರತದ ಲಿಪಿಗಳಿಗಾಗಿ 1988ರಲ್ಲಿ ‘ಇಸ್ಕಿ’ ಎಂಬ ಪಟ್ಟಿ ಬಂದಿತ್ತು. ಅದರಲ್ಲಿ ಒಂದೇ ಉಚ್ಚಾರಣೆಯ ಅಕ್ಷರಕ್ಕೆ ಎಲ್ಲಾ ಲಿಪಿಯಲ್ಲೂ ಒಂದೇ ಜಾಗ. ಯೂನಿಕೋಡ್ ಅದೇ ಕ್ರಮವನ್ನು ಇಟ್ಟುಕೊಂಡಿತು. ತೆಲುಗಿಗೆ 128 ಮನೆ, ಅದರ ಪಕ್ಕದಲ್ಲೇ ಕನ್ನಡಕ್ಕೆ 128 ಮನೆ. ಹಾಗಾಗಿ ಹೆಚ್ಚಿನ ಅಕ್ಷರಗಳು 128ರ ಒಂದು ಬೀಜ ಮಗುಚಿದರೆ ಕನ್ನಡದಿಂದ ತೆಲುಗಿಗೆ ಹೋಗುತ್ತವೆ. ಅಕ್ಕ ತಂಗಿ ಲಿಪಿಗಳು ಅಂತ ಹೇಳ್ತಾರಲ್ಲ, ಕಂಪ್ಯೂಟರಿನಲ್ಲೂ ಪಕ್ಕ ಪಕ್ಕದ ಮನೆಯಲ್ಲೇ ಇದ್ದಾರೆ.

ಆಡಿ ಗೆಲ್ಲಿ

ಮೂರು ಗುಡ್ಡೆ ಕಲ್ಲು ಮಾಡಿ: 3, 4, 5. ಇಬ್ಬರು ಆಡಬೇಕು. ಸರದಿ ಬಂದಾಗ ಯಾವುದಾದರೂ ಒಂದೇ ಗುಡ್ಡೆಯಿಂದ ಎಷ್ಟು ಬೇಕಾದರೂ ಕಲ್ಲು ತೆಗೆಯಬಹುದು, ಒಂದಾದರೂ ತೆಗೆಯಲೇಬೇಕು. ಕೊನೆಯ ಕಲ್ಲು ತೆಗೆದವರು ಗೆದ್ದರು. ಇದಕ್ಕೆ ‘ನಿಮ್’ ಎಂದು ಹೆಸರು. ಇದನ್ನು ಗೆಲ್ಲುವ ಲೆಕ್ಕವನ್ನು ಅಮೆರಿಕದ ಚಾರ್ಲ್ಸ್ ಬೌಟನ್ ಎಂಬ ಗಣಿತಜ್ಞ 1901ರಲ್ಲಿ ಪ್ರಕಟಿಸಿದರು. ಅದು ಎಕ್ಸಾರ್ ಲೆಕ್ಕವೇ!

3 = 011
4 = 100
5 = 101

ಒಂದೊಂದು ಕಂಬಸಾಲಿನಲ್ಲೂ ಬಿಳಿ ಎಷ್ಟಿದೆ ಎಣಿಸಿ. 4ರ ಸಾಲಿನಲ್ಲಿ ಎರಡು, 2ರ ಸಾಲಿನಲ್ಲಿ ಒಂದು, 1ರ ಸಾಲಿನಲ್ಲಿ ಎರಡು. 2ರ ಸಾಲು ಮಾತ್ರ ಬೆಸ. ನಾವು ಕಲ್ಲು ತೆಗೆದ ಮೇಲೆ ಎಲ್ಲಾ ಸಾಲೂ ಸಮ ಆಗಬೇಕು. 3ರ ಗುಡ್ಡೆಯಿಂದ 2 ಕಲ್ಲು ತೆಗೆದರೆ 001, 100, 101 ಆಗುತ್ತೆ, ಎಲ್ಲಾ ಸಮ. ಎದುರಾಳಿ ಏನೇ ತೆಗೆದರೂ ಯಾವುದಾದರೂ ಸಾಲು ಬೆಸ ಆಗಲೇಬೇಕು, ಯಾಕೆಂದರೆ ಅವರು ಒಂದೇ ಗುಡ್ಡೆ ಮುಟ್ಟಬಹುದು. ನಾವು ಮತ್ತೆ ಸಮ ಮಾಡ್ತಾ ಹೋಗೋದು. ಕೊನೆಗೆ ಎಲ್ಲಾ ಸೊನ್ನೆ ಮಾಡೋದು ನಾವೇ. ಮನೆಯಲ್ಲಿ ಅಜ್ಜನ ಜೊತೆ ಆಡಿ ನೋಡಿ!

ಪಕ್ಕಕ್ಕೆ ಸರಿಸೋದು

ಎಲ್ಲಾ ಬೀಜಗಳನ್ನೂ ಒಂದೊಂದು ಮನೆ ಎಡಕ್ಕೆ ಸರಿಸಿ, ಬಲತುದಿಗೆ ಒಂದು ಕಪ್ಪು ಇಟ್ಟರೆ ಸಂಖ್ಯೆ ದುಪ್ಪಟ್ಟಾಗುತ್ತದೆ. 13 ಇದ್ದದ್ದು 26 ಆಗುತ್ತೆ. ಬಲಕ್ಕೆ ಸರಿಸಿದರೆ ಅರ್ಧ ಆಗುತ್ತೆ, ಶೇಷ ಬಿದ್ದುಹೋಗುತ್ತೆ. 13 ಇದ್ದದ್ದು 6. ಇದಕ್ಕೆ ‘ಶಿಫ್ಟ್’ ಅಂತಾರೆ.

ಇದರಿಂದ ಮಗ್ಗಿ ಬರದಿದ್ದರೂ ಗುಣಾಕಾರ ಮಾಡಬಹುದು. 13 × 24 ಎಷ್ಟು? ಒಂದು ಕಡೆ ಅರ್ಧ ಮಾಡಿ, ಇನ್ನೊಂದು ಕಡೆ ದುಪ್ಪಟ್ಟು ಮಾಡಿ:

13 – 24
6 – 48
3 – 96
1 – 192

ಎಡಗಡೆ ಬೆಸ ಇರುವ ಸಾಲು ಮಾತ್ರ ಕೂಡಿಸಿ: 24+96+192 = 312. ಸರಿಯಾಯಿತಾ? 13 ಅಂದರೆ 8+4+1, ಅದಕ್ಕೇ 24ರ ಎಂಟರಷ್ಟು, ನಾಲ್ಕರಷ್ಟು, ಒಂದರಷ್ಟು ಕೂಡಿದವು. ದುಪ್ಪಟ್ಟು ಮಾಡುತ್ತಾ ಕೂಡಿಸಿ ಗುಣಿಸುವುದನ್ನು ಪ್ರಾಚೀನ ಈಜಿಪ್ಟಿನವರೂ ಮಾಡುತ್ತಿದ್ದರು.

ಆದರೆ ಎಚ್ಚರಿಕೆ! 200ನ್ನು ಎಡಕ್ಕೆ ಸರಿಸಿದರೆ 400 ಆಗಬೇಕು. ಎಂಟೇ ಬೀಜ ಇದ್ದರೆ ಎಡತುದಿಯ ಬಿಳಿ ಹೊರಗೆ ಬಿದ್ದು 144 ಉಳಿಯುತ್ತದೆ. ಸಣ್ಣ ವಿಷಯ ಅಂತ ಅನಿಸಬಹುದು. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಮೊದಲನೇ ಸಲ ಹಾರಿತು. ಅದರ ಕಂಪ್ಯೂಟರಿನಲ್ಲಿ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ಹಾಕಲು ಹೋದಾಗ ಅದು ಹಿಡಿಯಲಿಲ್ಲ. ಅಲ್ಲಿ ಹಿಡಿಯುತ್ತಿದ್ದದ್ದು 32767ರ ತನಕ ಮಾತ್ರ. ದಾರಿ ತೋರಿಸುವ ಕಂಪ್ಯೂಟರ್ ನಿಂತುಹೋಗಿ, ಹಾರಿದ ಒಂದು ನಿಮಿಷದೊಳಗೆ ರಾಕೆಟ್ ಚೂರು ಚೂರಾಯಿತು. ಅದೃಷ್ಟಕ್ಕೆ ಅದರಲ್ಲಿ ಮನುಷ್ಯರು ಇರಲಿಲ್ಲ.

ಇಂಥದ್ದೇ ಒಂದು ದಿನ ಮುಂದೆ ಬರಲಿದೆ. ಬಹಳ ಕಂಪ್ಯೂಟರುಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯಿತು ಎಂದು ಎಣಿಸಿ ಸಮಯ ಹೇಳುತ್ತವೆ. ಹಳೆಯವುಗಳಲ್ಲಿ ಅದಕ್ಕೆ 32 ಬಿಟ್. ಒಂದು ಬಿಟ್ ಧನವೋ ಋಣವೋ ಎಂದು ಹೇಳಲು ಹೋಗುತ್ತೆ, ಉಳಿದ 31ರಲ್ಲಿ 2147483647ರ ತನಕ ಎಣಿಸಬಹುದು. ಆ ಲೆಕ್ಕ ತುಂಬುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಅವು ದಾರಿ ತಪ್ಪಿ 1901ನೇ ಇಸವಿ ತೋರಿಸಬಹುದು. ಹೊಸ ಯಂತ್ರಗಳಲ್ಲಿ 64 ಬಿಟ್ ಇರುವುದರಿಂದ ತೊಂದರೆ ಇಲ್ಲ. ಹಳೆಯವನ್ನು ಹುಡುಕಿ ಸರಿ ಮಾಡಬೇಕು. ಆಗ ನಾವೆಲ್ಲ ದೊಡ್ಡವರಾಗಿ ಕೆಲಸಕ್ಕೆ ಸೇರಿರ್ತೀವಿ. ಆ ರಿಪೇರಿ ಮಾಡುವವರಲ್ಲಿ ನಮ್ಮೂರಿನವರೂ ಒಬ್ಬರು ಯಾಕಿರಬಾರದು?

ಬಿಳಿ ಎಣಿಸುವ ಜಾಣತನ

ಒಂದು ಸಂಖ್ಯೆಯಲ್ಲಿ ಬಿಳಿ ಬೀಜ ಎಷ್ಟಿದೆ ಅಂತ ಕಂಪ್ಯೂಟರ್ ಹೇಗೆ ಎಣಿಸುತ್ತೆ? ಎಂಟು ಮನೆಯನ್ನೂ ಇಣುಕಿ ನೋಡಬಹುದು. ಅದಕ್ಕಿಂತ ಚಂದದ ಉಪಾಯ ಇದೆ. ಸಂಖ್ಯೆಗೂ ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಗೂ ಆಂಡ್ ಮಾಡಿ:

00101100   (44)
00101011   (43)
00101000   ಉತ್ತರ 40

ಬಲಗಡೆಯ ಮೊದಲ ಬಿಳಿ ಮಾಯ! ಒಂದು ಕಳೆದಾಗ ಆ ಬಿಳಿ ಕಪ್ಪಾಗುತ್ತೆ, ಅದರ ಬಲಕ್ಕಿರುವ ಕಪ್ಪೆಲ್ಲ ಬಿಳಿಯಾಗುತ್ತೆ, ಎಡಕ್ಕಿರುವುದು ಹಾಗೇ ಇರುತ್ತೆ. ಆಂಡ್ ಮಾಡಿದಾಗ ಎಡಗಡೆಯದು ಮಾತ್ರ ಉಳಿಯುತ್ತೆ. 40 & 39 = 32. 32 & 31 = 0. ಮೂರು ಸಲಕ್ಕೆ ಸೊನ್ನೆ ಬಂತು, ಹಾಗಾದರೆ ಬಿಳಿ ಮೂರು. ಎಷ್ಟು ಬಿಳಿಯೋ ಅಷ್ಟೇ ಹೆಜ್ಜೆ. ಈ ಉಪಾಯವನ್ನು ಪೀಟರ್ ವೆಗ್ನರ್ ಎಂಬುವರು 1960ರಲ್ಲೇ ಬರೆದಿದ್ದಾರೆ.

ಮಾಡಿ ನೋಡಿ

1. ಬೋರ್ಡಿನ ಮೂಲೆಯಲ್ಲಿ 90 ಅಂತ ಇದೆ. ಯಾವ ಯಾವ ಕೆಲಸ ಮುಗಿದಿದೆ?
2. 2, 5, 6 ಕಲ್ಲಿನ ಮೂರು ಗುಡ್ಡೆ ಇವೆ. ಸರದಿ ನಿಮ್ಮದು. ಯಾವ ಗುಡ್ಡೆಯಿಂದ ಎಷ್ಟು ತೆಗೆದರೆ ಗೆಲ್ತೀರಿ?
3. ಕನ್ನಡದ ‘ಮ’ 3246. ತೆಲುಗಿನ ‘ಮ’ ಎಷ್ಟು?
4. 100ರಲ್ಲಿ ಬಿಳಿ ಬೀಜ ಎಷ್ಟು? ಎಷ್ಟು ಹೆಜ್ಜೆಗೆ ಸೊನ್ನೆ ಬಂತು?

ಉತ್ತರ ಬರೆದ ಚೀಟಿಯನ್ನು ಗೋಡೆ ಪತ್ರಿಕೆಯ ಕೆಳಗಿರುವ ಡಬ್ಬಿಗೆ ಹಾಕಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ. ಬೀಜ ಇಲ್ಲದವರು ನನ್ನನ್ನು ಕೇಳಿ, ನಮ್ಮನೇಲಿ ಬೇಕಾದಷ್ಟಿದೆ. ತೇಯೋದು ಮಾತ್ರ ನೀವೇ ತೇಯಬೇಕು!

– 7ನೇ ತರಗತಿ ವಿದ್ಯಾರ್ಥಿನಿ